ಇಂಗಾಲದಿಂದ ಬೆಳಕು

ಕಳೆದ ವರ್ಷ ನಮ್ಮ ಶಾಲೆಯಲ್ಲಿ ತಾಯಿತಂದೆಗಳ ಸಭೆಯು ಮುಗಿದ ತರುವಾಯ, ಚನ್ನಗಿರಿ ಕಡೆಯ ತಾಯಿಯೊಬ್ಬರು ವಿಜ್ಞಾನದ ಕೊಠಡಿಯ ಬಾಗಿಲಲ್ಲಿ ನಿಂತು, ಕರಿಹಲಗೆಯ ಮೇಲೆ ಬರೆದಿದ್ದ ಇಂಗಾಲದ ಪಾಠವನ್ನು ನೋಡಿ, “ಟೀಚರಮ್ಮಾ, ಇದ್ದಲಿನ ಪಾಠ ಓದಿ ನಮ್ಮ ಹುಡುಗಿ ಏನು ಮಾಡ್ಬೇಕು? ಒಲೆ ಊದೋಕೆ ಪುಸ್ತಕ ಬೇಕೇ?” ಎಂದು ಕೇಳಿದರು. ಅವರ ಮಾತಿನಲ್ಲಿ ಪರಿಹಾಸ್ಯವಿರಲಿಲ್ಲ; ಹತ್ತನೆಯ ತರಗತಿಯಾದ ಮೇಲೆ ಮಗಳನ್ನು ಯಾವ ದಾರಿಗೆ ಕಳುಹಿಸಬೇಕೆಂಬ ಚಿಂತೆಯಿತ್ತು. ಆ ದಿನ ನಾವು ಕೊಟ್ಟ ಉತ್ತರವು ನಮಗೇ ತೃಪ್ತಿಕರವಾಗಿರಲಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಿಂದ ತಮ್ಮ ಹೆಣ್ಣುಮಕ್ಕಳನ್ನು ನಮಗೆ ಒಪ್ಪಿಸುತ್ತ ಬಂದಿರುವ ತಾಯಿತಂದೆಗಳೂ, ಇಲ್ಲಿ ಕಲಿತು ಹೋದ ಹಳೆಯ ವಿದ್ಯಾರ್ಥಿನಿಯರೂ ಓದುವ ಈ ಸ್ಮರಣಸಂಚಿಕೆಯಲ್ಲಿ ಆ ಪ್ರಶ್ನೆಗೆ ತಕ್ಕ ಉತ್ತರವನ್ನು ಬರೆಯುವುದು ಯುಕ್ತವೆಂದು ತಿಳಿದು ಈ ಲೇಖನವನ್ನು ವಾಚಕರ ಮುಂದಿಡುತ್ತೇವೆ.

ವಿದ್ಯುತ್ತನ್ನು ಹರಿಯಗೊಡುವ ಗುಣವನ್ನು ನೋಡಿದರೆ ಪದಾರ್ಥಗಳಲ್ಲಿ ಸಾಮಾನ್ಯವಾಗಿ ಮೂರು ಬಗೆ. ತಾಮ್ರ, ಅಲ್ಯೂಮಿನಿಯಂ ಮೊದಲಾದ ಲೋಹಗಳು ವಾಹಕಗಳು. ಗಾಜು, ರಬ್ಬರು, ಪ್ಲಾಸ್ಟಿಕ್ಕು ಮೊದಲಾದವು ಅವಾಹಕಗಳು. ಆದಕಾರಣವೇ ವಿದ್ಯುತ್ತಿನ ತಂತಿಗೆ ಪ್ಲಾಸ್ಟಿಕ್ಕಿನ ಹೊದಿಕೆಯನ್ನು ತೊಡಿಸುವುದು. ಇವೆರಡರ ನಡುವೆ ಸಿಲಿಕಾನ್ ಮೊದಲಾದ ಅರೆವಾಹಕಗಳಿವೆ. ಈಗಿನ ರೇಡಿಯೋ, ಕಂಪ್ಯೂಟರು, ಮೊಬೈಲುಗಳೆಲ್ಲ ಇವುಗಳ ಬಲದಿಂದಲೇ ನಡೆಯುತ್ತವೆ. ಇನ್ನು ಗಿಡಮರಗಳಲ್ಲಿಯೂ ಪ್ರಾಣಿದೇಹಗಳಲ್ಲಿಯೂ ಎಣ್ಣೆ, ಬಣ್ಣ, ಪ್ಲಾಸ್ಟಿಕ್ಕುಗಳಲ್ಲಿಯೂ ಪ್ರಧಾನವಾಗಿರುವುದು ಇಂಗಾಲ. ಇಂಥ ಇಂಗಾಲದ ಸಂಯುಕ್ತಗಳನ್ನು ಹಿಂದಿನ ಗ್ರಂಥಕರ್ತರು ಸೇಂದ್ರಿಯ ದ್ರವ್ಯಗಳೆಂದರು. ಈಗಿನ ಪಠ್ಯಪುಸ್ತಕಗಳಲ್ಲಿ ಇವಕ್ಕೆ ಸಾವಯವ ದ್ರವ್ಯಗಳೆಂಬ ಹೆಸರು. ಗೊಬ್ಬರದ ಅಂಗಡಿಯಲ್ಲಿ ಕೇಳಿಬರುವ ‘ಸಾವಯವ’ಕ್ಕೂ ಇದಕ್ಕೂ ಅರ್ಥವ್ಯತ್ಯಾಸವಿದೆಯೆಂಬುದನ್ನು ವಾಚಕರು ಗಮನಿಸಬೇಕು. ಇಂಗಾಲವು ಒಂಟಿಯಾಗಿ, ಪದರಪದರವಾಗಿ ಕೂಡಿಕೊಂಡಾಗ ವಿದ್ಯುತ್ತನ್ನು ಸಾಗಿಸಬಲ್ಲದೆಂಬುದು ಹಳೆಯ ಸಂಗತಿ. ಟಾರ್ಚಿನ ಸೆಲ್ಲನ್ನು ಒಡೆದು ಅದರ ನಡುವಿನ ಕರಿಯ ಕಡ್ಡಿಯನ್ನು ತೆಗೆದ ಮಕ್ಕಳೆಲ್ಲರೂ ಅದನ್ನು ಕಂಡವರೇ. ಆದರೆ ಇಂಗಾಲದ ಸಂಯುಕ್ತಗಳು, ಅದರಲ್ಲಿಯೂ ಪ್ಲಾಸ್ಟಿಕ್ಕುಗಳು, ಲೋಹದಂತೆ ವಿದ್ಯುತ್ತನ್ನು ಸಾಗಿಸಿಯಾವೆಂದು ಬಹುಕಾಲ ಬಹುಮಂದಿ ನಂಬಿರಲಿಲ್ಲ.

ಈ ವಿಷಯದ ಬೀಜವು ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಅರಿಸಿನಕ್ಕೆ ಸುಣ್ಣದ ತಿಳಿಯನ್ನು ಬೆರೆಸಿದರೆ ಹಳದಿಯು ಕೆಂಪಾಗುವುದನ್ನು ಓಕುಳಿ ಕದಡುವ ಎಲ್ಲ ಹೆಣ್ಣುಮಕ್ಕಳೂ ಬಲ್ಲರು. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ದ್ರವ್ಯದ ಅಣುವು ಇಂಗಾಲದ ಒಂದು ಸರಪಣಿ. ಇಂಗಾಲದ ಪರಮಾಣುವಿಗೆ ನಾಲ್ಕು ಕೈಗಳಿವೆಯೆಂದು ಭಾವಿಸೋಣ. ಈ ಸರಪಣಿಯಲ್ಲಿ ಅದು ಒಂದು ಪಕ್ಕದ ನೆರೆಯವನನ್ನು ಒಂದು ಕೈಯಿಂದಲೂ ಇನ್ನೊಂದು ಪಕ್ಕದವನನ್ನು ಎರಡು ಕೈಗಳಿಂದಲೂ ಹಿಡಿದಿರುತ್ತದೆ. ಹೀಗೆ ಒಂಟಿ ಹಿಡಿತ, ಜೋಡಿ ಹಿಡಿತ, ಮತ್ತೆ ಒಂಟಿ, ಮತ್ತೆ ಜೋಡಿ ಎಂದು ಸಾಲು ಸಾಗುತ್ತದೆ. ಜೋಡಿ ಹಿಡಿತದ ಎರಡನೆಯ ಕೈಯಲ್ಲಿರುವ ಎಲೆಕ್ಟ್ರಾನುಗಳು ಒಬ್ಬರ ಸ್ವತ್ತಾಗಿ ಉಳಿಯದೆ ಇಡೀ ಸಾಲಿನ ಸ್ವತ್ತಾಗುತ್ತವೆ. ಇಂಥ ಸಡಿಲವಾದ ಎಲೆಕ್ಟ್ರಾನುಗಳು ಕಣ್ಣಿಗೆ ಕಾಣುವ ಬೆಳಕಿನ ಒಂದು ಪಾಲನ್ನು ಹೀರಿಕೊಳ್ಳುವವು. ಉಳಿದ ಪಾಲು ನಮಗೆ ಬಣ್ಣವಾಗಿ ತೋರುವುದು. ಅರಿಸಿನವು ನೀಲಿಯನ್ನು ಹೀರುವುದರಿಂದ ಹಳದಿಯಾಗಿದೆ. ಸುಣ್ಣವು ಅಣುವಿನಿಂದ ಜಲಜನಕವನ್ನು ಕಸಿದೊಡನೆ ಎಲೆಕ್ಟ್ರಾನುಗಳ ಹರವು ಬದಲಾಗಿ, ಹೀರುವ ಪಾಲೂ ಬದಲಾಗಿ, ಕೆಂಪು ಕಾಣಿಸಿಕೊಳ್ಳುವುದು. ಬಣ್ಣಕ್ಕೆ ಕಾರಣವಾದ ಈ ಸಡಿಲ ಎಲೆಕ್ಟ್ರಾನುಗಳೇ ವಿದ್ಯುತ್ತನ್ನು ಸಾಗಿಸುವುದಕ್ಕೂ ಬೆಳಕನ್ನು ಬೀರುವುದಕ್ಕೂ ಕಾರಣವಾಗಬಲ್ಲವೆಂಬುದೇ ಈ ಹೊಸ ಶಾಸ್ತ್ರದ ತಿರುಳು.

ಆದರೆ ಸಾಲಿದ್ದ ಮಾತ್ರಕ್ಕೆ ಸಾಗಾಟವಾಗದು. ಜಗಳೂರು ಸೀಮೆಯಲ್ಲಿ ಬರದ ವರ್ಷ ಹೆಂಗಸರು ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೆನೆಯಿರಿ. ಎಲ್ಲರ ಕೈಯಲ್ಲಿಯೂ ತುಂಬಿದ ಕೊಡವಿದ್ದರೆ ಸಾಲು ಕದಲದು. ಒಬ್ಬಳ ಕೈಯಿಂದ ಕೊಡವನ್ನು ಇಳಿಸಿಕೊಂಡರೆ, ಪಕ್ಕದವಳು ತನ್ನ ಕೊಡವನ್ನು ಆಕೆಗೆ ಕೊಡುವಳು. ಆಗ ಪಕ್ಕದವಳ ಕೈ ಬರಿದಾಗುವುದು. ಹೀಗೆ ಕೊಡಗಳು ಒಂದು ಕಡೆಗೂ ಬರಿದಾದ ಸ್ಥಾನವು ಎದುರು ಕಡೆಗೂ ಸಾಗುವವು. ಈ ಬರಿಯ ಸ್ಥಾನಕ್ಕೆ ಶಾಸ್ತ್ರಜ್ಞರು ರಂಧ್ರವೆಂದು ಹೆಸರಿಟ್ಟಿದ್ದಾರೆ.

ಜಪಾನಿನ ಹಿದೆಕಿ ಶಿರಾಕಾವಾ ಎಂಬವರ ಪ್ರಯೋಗಶಾಲೆಯಲ್ಲಿ 1967ರಲ್ಲಿ ಒಬ್ಬ ಸಂಶೋಧಕನು ಕಣ್ತಪ್ಪಿನಿಂದ ಬೇಕಾದುದಕ್ಕಿಂತ ಸಾವಿರ ಪಟ್ಟು ವೇಗವರ್ಧಕವನ್ನು ಹಾಕಿದನು. ಕಪ್ಪು ಪುಡಿಯಾಗಬೇಕಾಗಿದ್ದ ಪಾಲಿಅಸಿಟಿಲೀನ್ ಎಂಬ ಪ್ಲಾಸ್ಟಿಕ್ಕು ಬೆಳ್ಳಿಯಂತೆ ಹೊಳೆಯುವ ಹಾಳೆಯಾಯಿತು. ಶಿರಾಕಾವಾ ಅವರು ಆ ತಪ್ಪನ್ನು ಚೆಲ್ಲಿಬಿಡದೆ ಪರೀಕ್ಷಿಸಿದರು. ತರುವಾಯ ಅಮೆರಿಕೆಯ ಅಲನ್ ಮ್ಯಾಕ್‌ಡಯರ್ಮಿಡ್, ಅಲನ್ ಹೀಗರ್ ಎಂಬವರೊಡನೆ ಕೂಡಿ, ಆ ಹಾಳೆಗೆ ಅಯೊಡಿನ್ನಿನ ಆವಿಯನ್ನು ತಗಲಿಸಿದರು. ಅಯೊಡಿನ್ನು ಸಾಲಿನಿಂದ ಎಲೆಕ್ಟ್ರಾನುಗಳನ್ನು ಇಳಿಸಿಕೊಂಡಿತು. ಹಾಳೆಯ ವಾಹಕಶಕ್ತಿಯು ಒಂದು ಕೋಟಿ ಪಟ್ಟು ಏರಿತು. ಈ ವರ್ತಮಾನವು 1977ರಲ್ಲಿ ಪ್ರಕಟವಾಯಿತು. 2000ನೆಯ ಇಸವಿಯಲ್ಲಿ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ದೊರೆಯಿತು.

ಅದೇ 1977ರಲ್ಲಿ ನಮ್ಮ ಬೆಂಗಳೂರಿನಲ್ಲಿಯೂ ಒಂದು ದೊಡ್ಡ ಸಂಗತಿಯಾಯಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದು 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್ ಅವರು ದ್ರವಸ್ಫಟಿಕಗಳನ್ನು ಅಭ್ಯಸಿಸುತ್ತಿದ್ದರು. ದ್ರವದಂತೆ ಹರಿಯುತ್ತಲೂ ಸ್ಫಟಿಕದಂತೆ ಕ್ರಮವನ್ನು ಕಾಯುತ್ತಲೂ ಇರುವ ಈ ವಿಚಿತ್ರ ಪದಾರ್ಥಗಳನ್ನು 1888ರಲ್ಲಿ ಆಸ್ಟ್ರಿಯದ ರೈನಿಟ್ಜರ್ ಎಂಬವರು ಮೊದಲು ಕಂಡಿದ್ದರು. ಹೊನ್ನಾಳಿಯಲ್ಲಿ ತುಂಗಭದ್ರೆಯ ಮೇಲೆ ತೇಲಿಹೋಗುವ ಕಡ್ಡಿಗಳು ಒಂದೇ ದಿಕ್ಕಿಗೆ ಮುಖಮಾಡಿ ಸಾಗುವಂತೆ, ಉದ್ದನೆಯ ಅಣುಗಳು ಮಾತ್ರವೇ ದ್ರವಸ್ಫಟಿಕವಾಗಬಲ್ಲವೆಂದು ಅಲ್ಲಿಯ ವರೆಗೆ ಭಾವಿಸಲಾಗಿತ್ತು. ಚಂದ್ರಶೇಖರ್, ಬಿ. ಕೆ. ಸದಾಶಿವ, ಕೆ. ಎ. ಸುರೇಶ್ ಈ ಮೂವರು ಬೆಂಜೀನಿನ ಉಂಗುರಕ್ಕೆ ಆರು ಬಾಲಗಳನ್ನು ಜೋಡಿಸಿದ ಬಿಲ್ಲೆಯಾಕಾರದ ಅಣುಗಳನ್ನು ತಯಾರಿಸಿ, ಅವು ಬುಟ್ಟಿಯಲ್ಲಿಟ್ಟ ಜೋಳದ ರೊಟ್ಟಿಗಳಂತೆ ಒಂದರ ಮೇಲೊಂದು ಅಡಕವಾಗಿ ಕಂಬಗಳಾಗುವವೆಂದು ತೋರಿಸಿದರು. ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ ಎಂಬ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಕಂಬದ ನಡುವಿನ ಉಂಗುರಗಳ ಮೂಲಕ ವಿದ್ಯುತ್ತು ಮೇಲಿನಿಂದ ಕೆಳಕ್ಕೆ ಸರಾಗವಾಗಿ ಸಾಗಬಲ್ಲದು. ಸುತ್ತಲಿನ ಬಾಲಗಳು ತಂತಿಯ ಹೊದಿಕೆಯಂತೆ ಅದನ್ನು ಪಕ್ಕಕ್ಕೆ ಹೋಗಗೊಡವು. ಇದೇ ಜಾತಿಯ ಬೇರೊಂದು ಅಣುವಿನಲ್ಲಿ ಈ ಸಾಗಾಟವು ಬಹು ವೇಗವಾದುದೆಂದು 1994ರಲ್ಲಿ ಜರ್ಮನಿಯ ವಿದ್ವಾಂಸರು ಅಳೆದು ತೋರಿಸಿದರು. ದ್ರವಸ್ಫಟಿಕದ ಪರದೆಗಳನ್ನು ಓರೆಯಿಂದ ನೋಡಿದರೂ ಚಿತ್ರವು ಕೆಡದಂತೆ ಮಾಡುವ ತೆಳುಹಾಳೆಗಳಲ್ಲಿ ಬಿಲ್ಲೆಯಾಕಾರದ ಅಣುಗಳು 1990ರ ದಶಕದಿಂದ ಬಳಕೆಗೆ ಬಂದಿವೆ. ಚಂದ್ರಶೇಖರ್ ಅವರು 1991ರಲ್ಲಿ ಬೆಂಗಳೂರಿನಲ್ಲಿ ದ್ರವಸ್ಫಟಿಕಗಳಿಗಾಗಿಯೇ ಬೇರೊಂದು ಕೇಂದ್ರವನ್ನು ಸ್ಥಾಪಿಸಿದರು. ಅದು ಈಗ ನ್ಯಾನೊ ಮತ್ತು ಮೃದು ದ್ರವ್ಯ ವಿಜ್ಞಾನಗಳ ಕೇಂದ್ರವೆಂಬ ಹೆಸರಿನಿಂದ ನಡೆಯುತ್ತಿದೆ.

ಇನ್ನು ಬೆಳಕಿನ ಮಾತು. ಅಮೆರಿಕೆಯ ಕೊಡ್ಯಾಕ್ ಕಂಪನಿಯಲ್ಲಿ ಚಿಂಗ್ ಟಾಂಗ್, ಸ್ಟೀವನ್ ವಾನ್ ಸ್ಲೈಕ್ ಎಂಬಿಬ್ಬರು 1987ರಲ್ಲಿ ಸಾವಯವ ದ್ರವ್ಯಗಳ ಎರಡು ತೆಳುಪದರಗಳಿಂದ, ಕಡಮೆ ವಿದ್ಯುತ್ತಿನಲ್ಲಿಯೇ ಚೆನ್ನಾಗಿ ಬೆಳಗುವ ದೀಪವನ್ನು ಮಾಡಿದರು. 1990ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನವರು ಪ್ಲಾಸ್ಟಿಕ್ಕಿನಿಂದಲೇ ಅದನ್ನು ಸಾಧಿಸಿದರು. ಇದರ ನಡೆ ಹೀಗೆ: ತೆಳುಪದರದ ಒಂದು ಬದಿಯಿಂದ ಎಲೆಕ್ಟ್ರಾನುಗಳೂ ಇನ್ನೊಂದು ಬದಿಯಿಂದ ರಂಧ್ರಗಳೂ ಒಳನುಗ್ಗುವವು. ನಡುವೆ ಅವೆರಡೂ ಒಂದೇ ಅಣುವಿನಲ್ಲಿ ಸಂಧಿಸಿದಾಗ ಅಣುವು ಉದ್ರೇಕಗೊಂಡು, ಮತ್ತೆ ಶಾಂತವಾಗುವಾಗ ತಾನು ಪಡೆದ ಶಕ್ತಿಯನ್ನು ಬೆಳಕಾಗಿ ಬಿಡುವುದು. ಪದರವೆಲ್ಲ ಸೇರಿ ತಲೆಗೂದಲಿನ ದಪ್ಪದ ಸುಮಾರು ಸಾವಿರದಲ್ಲೊಂದು ಪಾಲು. ಈಗಿನ ಅನೇಕ ಮೊಬೈಲುಗಳ ಮೇಲೆ ‘ಓ.ಎಲ್.ಇ.ಡಿ.’ ಎಂದು ಬರೆದಿರುವುದು ಇದನ್ನೇ. ಇಂಥ ಪರದೆಯಲ್ಲಿ ಪ್ರತಿಯೊಂದು ಚುಕ್ಕೆಯೂ ತಾನೇ ಉರಿಯುವುದರಿಂದ ಹಿಂದೆ ಬೇರೆ ದೀಪ ಬೇಕಿಲ್ಲ. ಕಪ್ಪು ಬೇಕಾದಲ್ಲಿ ಚುಕ್ಕೆಯು ಆರಿಯೇ ಇರುತ್ತದೆ. ಮೊದಲಿನ ದೀಪಗಳಲ್ಲಿ ಹೀಗೆ ಉದ್ರೇಕಗೊಂಡ ಅಣುಗಳಲ್ಲಿ ನಾಲ್ಕರಲ್ಲಿ ಮೂರು ಬೆಳಕನ್ನು ಕೊಡದೆ ವ್ಯರ್ಥವಾಗುತ್ತಿದ್ದವು. 1998ರಲ್ಲಿ ಅಮೆರಿಕನರು ಭಾರಲೋಹಗಳ ಸಹಾಯದಿಂದಲೂ, 2012ರಲ್ಲಿ ಜಪಾನಿನ ಚಿಹಾಯಾ ಅದಾಚಿ ಎಂಬವರ ತಂಡದವರು ಅಂಥ ಲೋಹವಿಲ್ಲದೆಯೂ ಆ ನಷ್ಟವನ್ನು ತಪ್ಪಿಸುವ ದಾರಿಯನ್ನು ಕಂಡರು. ಆದಾಗ್ಯೂ ನೀಲಿ ಬೆಳಕಿನ ದ್ರವ್ಯಗಳು ಇನ್ನುಳಿದ ಬಣ್ಣಗಳವುಗಳಿಗಿಂತ ಬೇಗನೆ ಸವೆಯುವುದು ಇಂದಿಗೂ ಬಗೆಹರಿಯದ ತೊಡಕು.

ಇದೇ ಕ್ರಿಯೆಯನ್ನು ತಿರುಗಿಸಿದರೆ ಬಿಸಿಲಿನಿಂದ ವಿದ್ಯುತ್ತು ಹುಟ್ಟುವುದು. ಟಾಂಗ್ ಅವರೇ 1986ರಲ್ಲಿ ಮಾಡಿದ ಸಾವಯವ ಸೌರಕೋಶವು ಬಿದ್ದ ಬಿಸಿಲಿನ ನೂರರಲ್ಲಿ ಸುಮಾರು 1 ಪಾಲನ್ನು ಮಾತ್ರ ವಿದ್ಯುತ್ತಾಗಿಸಿತು. ಈಗ ಪ್ರಯೋಗಶಾಲೆಯ ಚಿಕ್ಕ ಕೋಶಗಳಲ್ಲಿ ಅದು 19 ಪಾಲನ್ನು ಮೀರಿದೆ. ಇವನ್ನು ಶಾಯಿಯಂತೆ ತೆಳುಹಾಳೆಯ ಮೇಲೆ ಅಚ್ಚೊತ್ತಬಹುದು, ಸುರುಳಿ ಸುತ್ತಬಹುದು. ಆದರೆ ಗಾಳಿ, ತೇವ, ಬಿಸಿಲು ಈ ಮೂರೂ ಇವುಗಳನ್ನು ಕ್ರಮೇಣ ಕೆಡಿಸುತ್ತವೆ. 2018ರಲ್ಲಿ ಕೆಲಸವನ್ನಾರಂಭಿಸಿದ ಪಾವಗಡದ 2050 ಮೆಗಾವಾಟಿನ ಸೌರಕ್ಷೇತ್ರದಲ್ಲಿ ಇರುವುದು ಇಂಥ ಹಾಳೆಗಳಲ್ಲ. ಬಹುವರ್ಷ ಬಾಳುವ ಗಟ್ಟಿ ಫಲಕಗಳು. ಆದಕಾರಣ ಜಗಳೂರಿನ ಬಿಸಿಲಿನಲ್ಲಿ ಪಂಪುಸೆಟ್ಟಿಗೆ ಫಲಕ ಹಾಕಿಸಬೇಕೆಂದಿರುವ ತಂದೆಯವರು ಹೊಸದನ್ನು ಕಾಯುತ್ತ ಕೂಡದೆ ಸಿಲಿಕಾನನ್ನೇ ಹಾಕಿಸುವುದು ವಿವೇಕ. ಹೊಸದು ಬಾಳಿಕೆ ಬರುವಂತೆ ಮಾಡುವ ಕೆಲಸವು ಅವರ ಮಗಳಿಗಾಗಿ ಉಳಿದಿದೆ.

ಎಲ್ಲಕ್ಕಿಂತಲೂ ನಮ್ಮ ಮನಸ್ಸನ್ನು ಸೆಳೆದದ್ದು ಕಣ್ಣಿನ ಸಂಗತಿ. ಕ್ಯಾರೆಟ್ಟಿನ ಕೇಸರಿ ಬಣ್ಣವೂ ಒಂಟಿ-ಜೋಡಿ ಹಿಡಿತದ ಇಂಗಾಲದ ಸಾಲೇ. ನಮ್ಮ ದೇಹವು ಆ ಸಾಲನ್ನು ನಡುವೆ ಕತ್ತರಿಸಿ, ಕಣ್ಣಿಗೆ ಬೇಕಾದ ದ್ರವ್ಯವನ್ನು ಮಾಡಿಕೊಳ್ಳುತ್ತದೆ. ಕಣ್ಣಿನ ಹಿಂಪೊರೆಯಲ್ಲಿ ಬೆಳಕನ್ನು ಮೊದಲು ಹಿಡಿಯುವುದು ಅದೇ. ಹೀಗಿರಲಾಗಿ, ಬೆಳಕನ್ನು ಹಿಡಿಯುವ ಕಣಗಳು ನಾಶವಾದ ಕಣ್ಣಿಗೆ ಸಾವಯವ ಪ್ಲಾಸ್ಟಿಕ್ಕು ಆಸರೆಯಾಗಬಾರದೇಕೆ ಎಂಬ ಪ್ರಶ್ನೆಯನ್ನು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೆ. ಎಸ್. ನಾರಾಯಣ್ ಅವರ ತಂಡವು ಎತ್ತಿಕೊಂಡಿತು. ಇನ್ನೂ ಬೆಳಕನ್ನರಿಯದ, ಮೊಟ್ಟೆಯೊಳಗಿನ ಕೋಳಿಮರಿಯ ಹಿಂಪೊರೆಯನ್ನು ಅವರು ಪ್ಲಾಸ್ಟಿಕ್ಕಿನ ತೆಳುಪದರದ ಮೇಲಿಟ್ಟು ಬೆಳಕನ್ನು ಬಿಟ್ಟಾಗ, ಕುರುಡಾಗಿದ್ದ ಆ ಹಿಂಪೊರೆಯ ನರಗಳು ಸ್ಪಂದಿಸಿದವು. 2014ರಲ್ಲಿ ಪ್ರಕಟವಾದ ಆ ಲೇಖನದ ಕರ್ತೃಗಳಲ್ಲಿ ಮೊದಲನೆಯ ಹೆಸರು ವಿನಿ ಗೌತಮ್ ಎಂಬ ಮಹಿಳೆಯದು. ಇದು ಮನುಷ್ಯನ ಕುರುಡನ್ನು ನೀಗುವ ಚಿಕಿತ್ಸೆಯಲ್ಲ. ಆ ಕಡೆಗೆ ಇಟ್ಟ ಒಂದು ಹೆಜ್ಜೆ. ವಾಚಕರು ಇದಕ್ಕಿಂತ ಹೆಚ್ಚನ್ನು ಹೇಳುವ ಜಾಹೀರಾತುಗಳನ್ನು ನಂಬಬಾರದು.

ಈ ದಾರಿಯು ಹೆಣ್ಣುಮಕ್ಕಳಿಗೆ ಸುಲಭವಾಗಿ ತೆರೆದದ್ದಲ್ಲ. 1933ರಲ್ಲಿ ಕಮಲಾ ಸೊಹೋನಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಅವರು ಹೆಂಗಸೆಂಬ ಕಾರಣದಿಂದ ನಿರಾಕರಿಸಿದರು. ಆಕೆ ಪಟ್ಟುಬಿಡದೆ, ಷರತ್ತುಗಳಿಗೆ ಒಳಪಟ್ಟು ಸೇರಿದರು. 1940ರಲ್ಲಿ ಅಲ್ಲಿಯೇ ರಾಮನ್ ಅವರ ಪ್ರಯೋಗಶಾಲೆಗೆ ಬಂದ, ಕೇರಳದ ಪೀರ್ಮೇಡಿನ ಅನ್ನಾ ಮಣಿಯವರು ವಜ್ರಗಳು ಬೀರುವ ಬೆಳಕನ್ನು ಅಭ್ಯಸಿಸಿ ಪ್ರಬಂಧವನ್ನು ಬರೆದರು, ಎಂ.ಎಸ್‌ಸಿ. ಇಲ್ಲವೆಂಬ ಕಾರಣದಿಂದ ಅವರಿಗೆ ಡಾಕ್ಟರ್ ಪದವಿಯು ದೊರೆಯಲಿಲ್ಲ. ಆಕೆ ಎದೆಗುಂದದೆ ಹವಾಮಾನ ಇಲಾಖೆಯನ್ನು ಸೇರಿ, ಭಾರತದಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಬಿಸಿಲು ಬೀಳುತ್ತದೆಂಬುದನ್ನು ಅಳೆಯುವ ಕೇಂದ್ರಗಳನ್ನು 1957-58ರಲ್ಲಿ ಸ್ಥಾಪಿಸಿ, ಆ ಲೆಕ್ಕಗಳ ಗ್ರಂಥವನ್ನು 1980ರಲ್ಲಿ ಹೊರತಂದರು. ಸೌರವಿದ್ಯುತ್ತಿನ ಯೋಜನೆಗಳಿಗೆ ಇಂಥ ಲೆಕ್ಕವೇ ತಳಹದಿ.

ಚನ್ನಗಿರಿಯ ಆ ತಾಯಿಯವರಿಗೆ ನಾವು ಈಗ ಕೊಡುವ ಉತ್ತರ ಇದು: ಅಮ್ಮಾ, ಒಲೆ ಊದುವುದಕ್ಕೆ ಪುಸ್ತಕ ಬೇಡ. ಆದರೆ ನಿಮ್ಮ ಅಡಿಕೆಯ ಚೊಗರು ಬಟ್ಟೆಗೆ ಬಣ್ಣವೇಕಾಗುತ್ತದೆ, ಮೊಬೈಲು ಏಕೆ ಬೆಳಗುತ್ತದೆ, ಕಣ್ಣು ಏಕೆ ಕಾಣುತ್ತದೆ ಎಂಬ ಮೂರು ಪ್ರಶ್ನೆಗಳ ಬೇರು ಆ ಇದ್ದಲಿನ ಪಾಠದಲ್ಲಿದೆ. ಅದರ ಮುಂದಿನ ಪಾಠಗಳನ್ನು ನಿಮ್ಮ ಊರಿಂದ ಒಂದು ದಿನದ ಪ್ರಯಾಣದ ಬೆಂಗಳೂರಿನಲ್ಲಿಯೇ ಬರೆಯುತ್ತಿದ್ದಾರೆ. ಈ ಸಂಚಿಕೆಯು ನಿಮ್ಮ ಕೈಸೇರುವ ಹೊತ್ತಿಗೆ ಮಗಳು ಕಾಲೇಜಿನ ಅರ್ಜಿಯನ್ನು ತುಂಬುವ ಕಾಲ ಬಂದಿರುತ್ತದೆ. ವಿಷಯದ ಹೆಸರನ್ನು ಬರೆಯುವ ಮೊದಲು ಆಕೆಯನ್ನೊಮ್ಮೆ ಕೇಳಿರಿ. ರಸಾಯನಶಾಸ್ತ್ರವೆಂದು ಆಕೆ ಹೇಳಿದರೆ, ಖರ್ಚು, ವಸತಿ, ವಿದ್ಯಾರ್ಥಿವೇತನಗಳ ವಿಷಯವಾಗಿ ಮಾತನಾಡಲು ವಿಜ್ಞಾನದ ಕೊಠಡಿಯ ಬಾಗಿಲು ತೆರೆದೇ ಇರುತ್ತದೆ. ಈ ದಾರಿಯಲ್ಲಿ ಮುಂದೆ ಹೋಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೊಂದು ದಿನ ಬಂದು ಮಕ್ಕಳೊಡನೆ ಮಾತನಾಡಬೇಕೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇವೆ.