ಪ್ರತಿಕಾಯಜನ್ಯ ಮೂತ್ರಪಿಂಡರೋಗ: ಪ್ರಾಣಿಪ್ರಯೋಗಗಳ ಪಾಠ

ರೋಗಾಣುಗಳಿಂದ ದೇಹವನ್ನು ಕಾಯತಕ್ಕ ಪ್ರತಿಕಾಯಗಳೇ ಕೆಲವೊಮ್ಮೆ ಮೂತ್ರಪಿಂಡಕ್ಕೆ ಕೇಡು ತರುತ್ತವೆ. ಆದರೆ ರೋಗಿಯ ಮೂತ್ರಪಿಂಡದಲ್ಲಿ ಪ್ರತಿಕಾಯವು ಕಂಡುಬಂದ ಮಾತ್ರಕ್ಕೆ ಅದೇ ರೋಗಕಾರಣವೆನ್ನಲಾಗದು. ಅದು ರೋಗದ ಪರಿಣಾಮವೂ ಆಗಿರಬಹುದು. ಈ ಸಂದೇಹವನ್ನು ಪರಿಹರಿಸಲು ಪ್ರಾಣಿಪ್ರಯೋಗಗಳು ಅಗತ್ಯವಾದವು.

ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಲೋಮನಾಳಗಳ ಗುಚ್ಛಕ್ಕೆ ಗ್ಲೊಮೆರ್ಯುಲಸ್ ಎಂದು ಹೆಸರು. ಅದರ ಲೋಮನಾಳಗಳ ಗೋಡೆಯಲ್ಲಿ ತೆಳುವಾದ ಆಧಾರಪೊರೆಯಿದೆ. 1930ರ ದಶಕದಲ್ಲಿ ಜಪಾನಿನ ಮಸುಗಿಯವರು ಇಲಿಯ ಮೂತ್ರಪಿಂಡವನ್ನು ಅರೆದು ಮೊಲಗಳಿಗೆ ಚುಚ್ಚಿದರು. ಆ ಮೊಲಗಳ ಸೀರಮ್ಮನ್ನು ಆರೋಗ್ಯವಂತ ಇಲಿಗಳಿಗೆ ಕೊಟ್ಟಾಗ ಅವುಗಳ ಮೂತ್ರದಲ್ಲಿ ಪ್ರೋಟೀನು ಕಾಣಿಸಿಕೊಂಡು, ಗ್ಲೊಮೆರ್ಯುಲಸ್‌ಗಳು ಉರಿಯೂತಕ್ಕೆ ಒಳಗಾದವು.

ಬಾತುಕೋಳಿಯಲ್ಲಿ ತಯಾರಿಸಿದ ಇಂತಹುದೇ ಸೀರಮ್ಮನ್ನು ಮೊಲಕ್ಕೆ ಕೊಟ್ಟರೆ ರೋಗವು ಒಡನೆ ತೋರದೆ, ಕೆಲವು ದಿನಗಳ ತರುವಾಯ ತಲೆದೋರುತ್ತದೆ. ಇದಕ್ಕೆ ಕಾರಣವೇನು? ಬಾತುಕೋಳಿಯ ಪ್ರತಿಕಾಯವು ಪೊರೆಗೆ ಅಂಟಿಕೊಂಡರೂ, ಉರಿಯೂತಕ್ಕೆ ನೆರವಾಗುವ ಮೊಲದ ಕಾಂಪ್ಲಿಮೆಂಟನ್ನು ಅಷ್ಟಾಗಿ ಪ್ರಚೋದಿಸಲಾರದು. ಅಂಟಿಕೊಂಡ ಆ ಪರಕೀಯ ವಸ್ತುವಿನ ವಿರುದ್ಧ ಮೊಲವು ತಾನೇ ಪ್ರತಿಕಾಯವನ್ನು ಉತ್ಪಾದಿಸಿದಾಗ ಹಾನಿ ಆರಂಭವಾಗುತ್ತದೆ. ಕ್ಷ-ಕಿರಣಗಳಿಂದ ಆ ಉತ್ಪತ್ತಿಯನ್ನು ಕುಗ್ಗಿಸಿ, ಈ ವಿವರಣೆಯನ್ನು 1940ರ ದಶಕದಲ್ಲಿ ಕೇ ಎಂಬ ಸಂಶೋಧಕರು ಸಮರ್ಥಿಸಿದರು.

ಮಾನವರೋಗದ ವಿಷಯದಲ್ಲಿ ನಿರ್ಣಾಯಕ ಪ್ರಮಾಣ ದೊರೆತುದು 1967ರಲ್ಲಿ. ಲರ್ನರ್, ಗ್ಲಾಸಾಕ್ ಮತ್ತು ಡಿಕ್ಸನ್ ಅವರು ಗುಡ್‌ಪಾಶ್ಚರ್ ರೋಗಿಗಳ ಮೂತ್ರಪಿಂಡಗಳಿಂದ ಬೇರ್ಪಡಿಸಿದ ಪ್ರತಿಕಾಯಗಳನ್ನು ಕೋತಿಗಳಿಗೆ ಕೊಟ್ಟರು. ಅವು ಆಧಾರಪೊರೆಯ ಉದ್ದಕ್ಕೂ ರೇಖೆಯಂತೆ ಅಂಟಿಕೊಂಡು ರೋಗವನ್ನುಂಟುಮಾಡಿದವು. ಪ್ರತಿಕಾಯವು ರೋಗಕಾರಣವೆಂಬುದು ಹೀಗೆ ಸಿದ್ಧವಾಯಿತು. ಇಂದು ಈ ರೋಗದಲ್ಲಿ ಪ್ಲಾಸ್ಮಾವನ್ನು ಬದಲಿಸಿ ಪ್ರತಿಕಾಯಗಳನ್ನು ತೆಗೆಯುವ ಚಿಕಿತ್ಸೆಗೆ ಆಧಾರವು ಇದೇ ತತ್ತ್ವ.

ಆದರೆ ಪ್ರಾಣಿಯ ಸಾಕ್ಷ್ಯವನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸಲಾಗದು. 1959ರಲ್ಲಿ ಹೇಮನ್ ಅವರು ಇಲಿಗಳಲ್ಲಿ ಉಂಟುಮಾಡಿದ ರೋಗವು ಮನುಷ್ಯನ ಮೆಂಬ್ರನಸ್ ನೆಫ್ರೋಪತಿಯನ್ನು ಬಹುಮಟ್ಟಿಗೆ ಹೋಲುತ್ತದೆ. ಇಲಿಯಲ್ಲಿ ಪ್ರತಿಕಾಯದ ಮುಖ್ಯ ಗುರಿ, ಗ್ಲೊಮೆರ್ಯುಲಸ್‌ನ ಹೊರಕೋಶಗಳಲ್ಲಿರುವ ಮೆಗಲಿನ್ ಎಂಬ ಪ್ರೋಟೀನು. ಮನುಷ್ಯನ ಆ ಕೋಶಗಳಲ್ಲಿ ಇದು ರೋಗದ ಗುರಿಯೆಂದು ಕಂಡುಬರಲಿಲ್ಲ. ಬಹುಪಾಲು ರೋಗಿಗಳಲ್ಲಿ ಗುರಿಯಾದ ಪ್ರೋಟೀನು ಫಾಸ್ಫೊಲಿಪೇಸ್ ಎ2 ಗ್ರಾಹಿ ಎಂಬುದು ತಿಳಿದುಬಂದುದು 2009ರಲ್ಲಿ, ಅಂದರೆ ಐವತ್ತು ವರ್ಷಗಳ ಬಳಿಕ. ರೋಗದ ವಿಧಾನವನ್ನು ಇಲಿಯು ಸರಿಯಾಗಿಯೇ ತೋರಿಸಿತ್ತು. ಗುರಿಯನ್ನು ಮಾತ್ರ ಮನುಷ್ಯನಲ್ಲಿಯೇ ಹುಡುಕಬೇಕಾಯಿತು.