ಪಿಕಪ್ ಗಾಡಿಯ ಮುಂಭಾಗ ಎತ್ತರಿಸುವ ಕಿಟ್ಟು: ಕೊಳ್ಳುವ ಮುನ್ನ ಅಳೆದು ನೋಡಿ

ಹೊಳಲ್ಕೆರೆಯ ಅಡಿಕೆ, ಹೊಸದುರ್ಗದ ತೆಂಗು ಮತ್ತು ದಾಳಿಂಬೆ, ಚಿತ್ರದುರ್ಗ, ಹಿರಿಯೂರು ತಾಲ್ಲೂಕುಗಳ ಈರುಳ್ಳಿ ಇಂದು ಪೇಟೆ ಸೇರುವುದು ಹೆಚ್ಚಾಗಿ ಪಿಕಪ್ ಗಾಡಿಗಳಲ್ಲಿ. ಗಾಡಿ ಖಾಲಿ ಇದ್ದಾಗ ಅದರ ಹಿಂಭಾಗ ಎತ್ತರವಾಗಿಯೂ ಮೂತಿ ತಗ್ಗಾಗಿಯೂ ಕಾಣುವುದನ್ನು ಎಲ್ಲರೂ ನೋಡಿದ್ದೀರಿ. ಈ ತಗ್ಗನ್ನು ಸರಿಮಾಡುತ್ತೇವೆಂದು ಅಂಗಡಿಗಳಲ್ಲಿ ಒಂದು ಸಾಮಾನು ಮಾರುತ್ತಾರೆ. ಇದಕ್ಕೆ ಲೆವೆಲಿಂಗ್ ಕಿಟ್ ಎಂದು ಹೆಸರು. ರೈತ ಬಾಂಧವರಿಗೆ ಇದು ಬೇಕೇ, ಬೇಕಾದರೆ ಯಾವುದನ್ನು ಆರಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದೆ.

ಮೂತಿ ತಗ್ಗಾಗಿರುವುದು ದೋಷವಲ್ಲ

ಎತ್ತಿನ ಗಾಡಿ ಹೇರಿದವರಿಗೆ ಈ ಮಾತು ಸುಲಭವಾಗಿ ತಿಳಿಯುತ್ತದೆ. ಹೇರು ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಹೆಗಲು ಬಿಡುತ್ತದೆ. ಮುಂದಕ್ಕೆ ಹೆಚ್ಚಾದರೆ ಭಾರವೆಲ್ಲ ಎತ್ತಿನ ಹೆಗಲ ಮೇಲೆ ಕೂರುತ್ತದೆ. ಪಿಕಪ್ ಗಾಡಿಯಲ್ಲಿ ಹೇರು ಬೀಳುವುದು ಹೆಚ್ಚಾಗಿ ಹಿಂದಿನ ಆಕ್ಸಲ್ಲಿನ ಮೇಲೆ. ಆದ್ದರಿಂದ ಹೇರು ಬಿದ್ದು ಹಿಂಭಾಗ ಕುಸಿದಾಗ ಗಾಡಿ ಸಮವಾಗಿ ನಿಲ್ಲಲಿ ಎಂದು, ತಯಾರಿಸುವವರು ಹಿಂದಿನ ಕಮಾನು ಪಟ್ಟಿಗಳನ್ನು ಮೊದಲೇ ಎತ್ತರವಾಗಿ ಇಟ್ಟಿರುತ್ತಾರೆ. ಖಾಲಿ ಗಾಡಿಯನ್ನು ನೋಡಿ ಮುಂಭಾಗ ಎತ್ತಿಸಿದರೆ, ಹೇರಿದ ದಿನ ಅದೇ ಗಾಡಿ ಆಕಾಶ ನೋಡುತ್ತದೆ.

ಒಂದು ಲೆಕ್ಕ ನೋಡೋಣ. ಖಾಲಿ ಗಾಡಿಯ ಮುಂಭಾಗ 2 ಅಂಗುಲ ತಗ್ಗಾಗಿದೆಯೆಂದು ಇಟ್ಟುಕೊಳ್ಳಿ. 50 ಕಿಲೋ ತೂಕದ 20 ಚೀಲ ಈರುಳ್ಳಿ, ಅಂದರೆ 1 ಟನ್ ಹೇರಿದಾಗ ಹಿಂಭಾಗ 3 ಅಂಗುಲ ಕುಸಿಯಿತು. ಈಗ ಮೂತಿ 1 ಅಂಗುಲ ಮೇಲಿದೆ. ಇದಕ್ಕೆ 2 ಅಂಗುಲದ ಕಿಟ್ಟನ್ನೂ ಹಾಕಿಸಿದ್ದರೆ ಮೂತಿ 3 ಅಂಗುಲ ಮೇಲಿರುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 10 ಅಡಿ ಅಂತರವಿದ್ದರೆ, ದೀಪದ ಬೆಳಕು 100 ಅಡಿ ದೂರದಲ್ಲಿ ಸುಮಾರು ಎರಡೂವರೆ ಅಡಿ ಮೇಲಕ್ಕೆ ಏರಿಬಿಡುತ್ತದೆ. ರಸ್ತೆಯ ಮೇಲೆ ಬೀಳಬೇಕಾದ ಬೆಳಕು ಎದುರಿನವನ ಕಣ್ಣಿಗೆ ಬೀಳುತ್ತದೆ. ಈರುಳ್ಳಿ ಹೊತ್ತು ರಾತ್ರಿಯೆಲ್ಲ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಂಗಳೂರಿಗೆ ಹೋಗುವವರು, ಹೆದ್ದಾರಿ 369ರಲ್ಲಿ ಹೊಳಲ್ಕೆರೆಯ ಕಡೆ ಓಡಾಡುವವರು ಇದನ್ನು ಮರೆಯಬಾರದು. ಇದು ಎರಡು ಕಡೆಯ ಜೀವಗಳ ಪ್ರಶ್ನೆ.

ಅಳೆಯುವ ಕ್ರಮ

ಕೊಳ್ಳುವ ಮಾತು ಆಮೇಲೆ ಇರಲಿ, ಮೊದಲು ಒಂದು ಟೇಪು ತೆಗೆದುಕೊಳ್ಳಿ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಚಕ್ರಗಳಿಗೆ ಗಾಡಿಯ ಮೇಲೆ ಬರೆದಿರುವಷ್ಟೇ ಗಾಳಿ ಇರಬೇಕು. ಮುಂದಿನ ಚಕ್ರದ ಹಿಂದುಗಡೆ ಒಂದು ಕಡೆ, ಹಿಂದಿನ ಚಕ್ರದ ಮುಂದುಗಡೆ ಒಂದು ಕಡೆ, ನೆಲದಿಂದ ಚಾಸಿಯ ತಳದವರೆಗೆ ಅಳೆದು ಬರೆದಿಡಿ. ಎಡಬಲ ಎರಡೂ ಪಕ್ಕ ಅಳೆಯಿರಿ. ಬಳಿಕ ನೀವು ಸಾಮಾನ್ಯವಾಗಿ ಒಯ್ಯುವಷ್ಟೇ ಹೇರು ಹಾಕಿ, ತೂಕ ಮಾಡಿಸಿ, ಚಾಲಕನನ್ನು ಕೂರಿಸಿ ಮತ್ತೆ ಅಳೆಯಿರಿ. ಈ ಅಳತೆಯೇ ನಿಮಗೆ ಉತ್ತರ ಹೇಳುತ್ತದೆ.

1. ಹೇರಿದಾಗ ಗಾಡಿ ಸಮವಾಗಿ ನಿಂತರೆ ಏನನ್ನೂ ಹಾಕಿಸಬೇಡಿ.

2. ಹೇರಿದಾಗ ಮೂತಿ ಮೇಲೆದ್ದರೆ ಹಿಂದಿನ ಪಟ್ಟಿಗಳು ಸೋತಿವೆ, ಇಲ್ಲವೇ ಹೇರು ಮಿತಿ ಮೀರಿದೆ, ಇಲ್ಲವೇ ಚೀಲಗಳನ್ನು ತೀರ ಹಿಂದೆ ಒಟ್ಟಿದ್ದೀರಿ. ಭಾರದ ಚೀಲಗಳನ್ನು ಮೊದಲು ಕ್ಯಾಬಿನ್ನಿಗೆ ಒತ್ತಿ ಜೋಡಿಸಿ. ಇದಕ್ಕೆ ಕಾಸಿನ ಖರ್ಚಿಲ್ಲ.

3. ಹೇರಿದರೂ ಮೂತಿ ತಗ್ಗಾಗಿಯೇ ಇದ್ದರೆ ಮುಂದಿನ ಸ್ಪ್ರಿಂಗು ಸೋತಿರುವ ಸಂಭವವುಂಟು. ಕಿಟ್ಟು ಈ ರೋಗಕ್ಕೆ ಮದ್ದಲ್ಲ. ಅದೇ ಕಂಪೆನಿಯ ಹೊಸ ಸ್ಪ್ರಿಂಗು ಹಾಕಿಸುವುದೇ ಸರಿ.

4. ಎಡಕ್ಕೂ ಬಲಕ್ಕೂ ವ್ಯತ್ಯಾಸವಿದ್ದರೆ ಪಟ್ಟಿ ಮುರಿದಿದೆಯೇ, ಬುಷ್ ಸವೆದಿದೆಯೇ ಎಂದು ಮೊದಲು ನೋಡಿಸಿ.

ಹೊಲದ ದಾರಿಗೆ ಅನುಕೂಲವೇ?

ಹಿರಿಯೂರು ಕಡೆಯ ಕಪ್ಪು ನೆಲದಲ್ಲಿ ಮಳೆಯಾದ ಮೇಲೆ ಚಕ್ರದ ಜಾಡು ಆಳವಾಗಿ, ನಡುವಿನ ದಿಣ್ಣೆ ತಳಕ್ಕೆ ತಗಲುತ್ತದೆ. ಮೂತಿ ಎತ್ತಿಸಿದರೆ ಈ ತೊಂದರೆ ತಪ್ಪುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಿಂದಿನ ಆಕ್ಸಲ್ಲಿನ ನಡುವೆ ಇರುವ ಡಿಫರೆನ್ಷಿಯಲ್ ಗುಂಡೇ ಸಾಮಾನ್ಯವಾಗಿ ಗಾಡಿಯ ಎಲ್ಲಕ್ಕಿಂತ ತಗ್ಗಾದ ಭಾಗ. ಮುಂಭಾಗ ಎಷ್ಟು ಎತ್ತಿದರೂ ಆ ಗುಂಡು ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಬದು ಹತ್ತುವಾಗ ಬಂಪರ್ ತಗಲುವುದು ತಪ್ಪಬಹುದು, ಅಷ್ಟೆ. ಜಾಡಿಗೆ ನಾಲ್ಕು ಬುಟ್ಟಿ ಗೊರಚು ಹಾಕುವುದು ಹೆಚ್ಚು ಲಾಭ.

ಯಾರಿಗೆ ಬೇಕು, ಯಾವುದು ಬೇಕು

ಹೇರು ಅಪರೂಪವಾಗಿದ್ದು, ಮನೆಮಂದಿಯ ಓಡಾಟಕ್ಕೇ ಗಾಡಿ ಹೆಚ್ಚಾಗಿ ಬಳಕೆಯಾಗುವವರು ಮಾತ್ರ ಇದನ್ನು ಯೋಚಿಸಬಹುದು. ಆಗಲೂ ಖಾಲಿ ಗಾಡಿಯ ತಗ್ಗಿನಲ್ಲಿ ಅರ್ಧವನ್ನಷ್ಟೇ ಸರಿಮಾಡಿಸಿ, ಉಳಿದರ್ಧ ಹೇರಿಗೆ ಮೀಸಲಿರಲಿ. ಒಂದು, ಒಂದೂವರೆ ಅಂಗುಲ ಮೀರುವುದು ಬೇಡ. ಯಾವ ಕಿಟ್ಟು ಎಂಬುದು ಗಾಡಿಯ ಮುಂದಿನ ಕಟ್ಟಡವನ್ನು ಅವಲಂಬಿಸುತ್ತದೆ. ಗಾಡಿಯ ಕೆಳಗೆ ಬಗ್ಗಿ ನೋಡಿದರೆ ಅದು ತಿಳಿಯುತ್ತದೆ.

ಕಮಾನು ಪಟ್ಟಿ: ಟಾಟಾ ಏಸ್‌ನಂತಹ ಸಣ್ಣ ಗಾಡಿಗಳಲ್ಲಿ ಮುಂದೆಯೂ ಪಟ್ಟಿಗಳೇ ಇರುತ್ತವೆ. ಇಂತಹ ಕಡೆ ಪಟ್ಟಿಗೂ ಆಕ್ಸಲ್ಲಿಗೂ ನಡುವೆ ಕಬ್ಬಿಣದ ಗಟ್ಟಿ ಇಡಿಸಲೇಬಾರದು. ತಿರುಗುವ ಚಕ್ರಗಳ ಆಕ್ಸಲ್ಲು ಬ್ರೇಕು ಒತ್ತಿದಾಗ ತಿರುಚಿಕೊಳ್ಳುವ ಅಪಾಯವಿದೆ. ಉದ್ದನೆಯ ಶ್ಯಾಕಲ್ ಹಾಕಿದರೆ ಆಕ್ಸಲ್ಲಿನ ಓರೆ ಬದಲಾಗಿ ಸ್ಟೀರಿಂಗ್ ಅಲೆಯಬಹುದು.

ಟಾರ್ಷನ್ ಬಾರ್: ಇದು ತಿರುಚಿ ಬಿಗಿಯುವ ಉಕ್ಕಿನ ಸರಳು. ಎತ್ತರ ಹೊಂದಿಸಲು ಇದರ ತುದಿಯಲ್ಲೇ ಬೋಲ್ಟು ಇರುತ್ತದೆ. ಅಲ್ಪಸ್ವಲ್ಪ ತಗ್ಗು ಸರಿಯಾಗಲು ಅದೇ ಸಾಕು, ಹೊಸ ಸಾಮಾನು ಬೇಕಿಲ್ಲ. ಅತಿಯಾಗಿ ಬಿಗಿದರೆ ಚಕ್ರ ಕೆಳಗಿಳಿಯುವ ಆಟ ಕಡಿಮೆಯಾಗಿ, ಗುಂಡಿ ಬಂದಾಗಲೆಲ್ಲ ಗಾಡಿ ಕುಟ್ಟುತ್ತದೆ.

ಸುರುಳಿ ಸ್ಪ್ರಿಂಗು: ಇಸುಜು ಡಿ-ಮ್ಯಾಕ್ಸ್, ಟೊಯೋಟಾ ಹೈಲಕ್ಸ್ ಗಾಡಿಗಳ ಮುಂದೆ ಇದೇ ಇದೆ. ಸ್ಪ್ರಿಂಗಿನ ನೆತ್ತಿಯ ಮೇಲೆ ಒಂದು ಬಿಲ್ಲೆ ಇಟ್ಟು ಎತ್ತರಿಸುವುದು ಅಗ್ಗದ ಕ್ರಮ. ಇಲ್ಲಿ ಒಂದು ಮೋಸದ ಲೆಕ್ಕವುಂಟು. ಸ್ಪ್ರಿಂಗು ಚಕ್ರದಿಂದ ಒಳಕ್ಕೆ, ತೋಳಿನ ನಡುವೆ ಕೂತಿರುವುದರಿಂದ, 1 ಅಂಗುಲ ದಪ್ಪದ ಬಿಲ್ಲೆ ಗಾಡಿಯನ್ನು ಸುಮಾರು 2 ಅಂಗುಲದವರೆಗೂ ಎತ್ತಬಹುದು. ಅಂಗಡಿಯವರು ಹೇಳುವ ಅಂಗುಲ ಬಿಲ್ಲೆಯ ದಪ್ಪವೋ, ಗಾಡಿ ಏಳುವ ಎತ್ತರವೋ ಎಂದು ಕೇಳಿಯೇ ಹಣ ಕೊಡಿ. ಗಾಡಿಯ ಹೆಸರು, ಮಾಡೆಲ್ ವರ್ಷ ಎರಡಕ್ಕೂ ಹೊಂದುವ ಕಿಟ್ಟನ್ನೇ ಆರಿಸಬೇಕು. ಲೇತಿನಲ್ಲಿ ಕಡೆಸಿದ ತುಂಡು ಬೇಡ. ಹಣವಿದ್ದರೆ ಬಿಲ್ಲೆಗಿಂತ ಸರಿಯಾದ ಉದ್ದದ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಜೋಡಿ ಮೇಲು.

ಹಿಂದೆ ಪಟ್ಟಿ ಸೇರಿಸುವ ಅಭ್ಯಾಸ

ಹೆಚ್ಚು ಹೇರುವ ಆಸೆಯಿಂದ ಹಿಂದೆ ಒಂದೆರಡು ಪಟ್ಟಿ ಹೆಚ್ಚಿಗೆ ಹಾಕಿಸಿ, ಅದರಿಂದ ಮೂತಿ ತಗ್ಗಾಯಿತೆಂದು ಮುಂದೆ ಕಿಟ್ಟು ಹಾಕಿಸುವವರೂ ಇದ್ದಾರೆ. ಒಂದು ತಪ್ಪಿಗೆ ಮತ್ತೊಂದು ತಪ್ಪು ತೇಪೆಯಾಗದು. ಅನೇಕ ಪಿಕಪ್‌ಗಳಲ್ಲಿ ಹಿಂಭಾಗ ಎಷ್ಟು ಕುಸಿದಿದೆ ಎಂಬುದನ್ನು ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಹಂಚುವ ವಾಲ್ವ್ ಇರುತ್ತದೆ. ಪಟ್ಟಿ ಸೇರಿಸಿದರೆ ಹಿಂಭಾಗ ಕುಸಿಯುವುದಿಲ್ಲ. ಆಗ ವಾಲ್ವ್ ಗಾಡಿ ಖಾಲಿಯೆಂದೇ ತಿಳಿದು, ಹಿಂದಿನ ಬ್ರೇಕನ್ನು ಮೆತ್ತಗೆ ಮಾಡುತ್ತದೆ. ಪಟ್ಟಿ ಎಷ್ಟೇ ಇರಲಿ, ಆರ್.ಸಿ. ಪುಸ್ತಕದಲ್ಲಿ ಬರೆದ ತೂಕವೇ ಮಿತಿ.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ತಯಾರಕರು ಗೊತ್ತುಮಾಡಿದ ಮತ್ತು ಆರ್.ಸಿ.ಯಲ್ಲಿ ನಮೂದಾದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಿಂದ, ಕಾಯಿದೆಯಲ್ಲಿ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ವಿಧಿಸಬಹುದು. ಅಪಘಾತವಾದಾಗ ವಿಮೆಯ ಹಣಕ್ಕೂ ಅಡ್ಡಿ ಬರಬಹುದು. ಆದ್ದರಿಂದ ನೀವು ಆರಿಸಿದ ಕಿಟ್ಟಿನ ವಿವರವನ್ನು ಚಿತ್ರದುರ್ಗದ ಆರ್.ಟಿ.ಓ. ಕಚೇರಿಗೂ ವಿಮಾ ಕಂಪೆನಿಗೂ ಮೊದಲೇ ತೋರಿಸಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಸವೆದ ಭಾಗಕ್ಕೆ ಕಂಪೆನಿಯದೇ ಭಾಗ ಹಾಕಿಸಲು ಈ ಯಾವ ತಾಪತ್ರಯವೂ ಇಲ್ಲ.

ಹಾಕಿಸಿದ ಮೇಲೆ

ಒಪ್ಪಿಗೆ ದೊರೆತು ಕಿಟ್ಟು ಹಾಕಿಸಿದವರು ಅಂದೇ ಚಕ್ರಗಳ ಅಲೈನ್‌ಮೆಂಟ್ ಮಾಡಿಸತಕ್ಕದ್ದು. ಇಲ್ಲದಿದ್ದರೆ ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ಚಕ್ರವನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಬ್ರೇಕಿನ ರಬ್ಬರ್ ಕೊಳವೆ ಎಳೆದಂತಾಗುವುದೇ ನೋಡಿ. ಹೇರು ಹಾಕಿದ ಸ್ಥಿತಿಯಲ್ಲೇ ದೀಪಗಳನ್ನು ತಗ್ಗಿಸಿ ಸರಿಮಾಡಿಸಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಿ.

ಗಾಡಿ ಅಂಗಳದಲ್ಲಿ ಖಾಲಿ ನಿಂತಾಗ ಚೆಂದ ಕಾಣುವುದಕ್ಕಿಂತ ಹೇರಿದ ದಾರಿಯಲ್ಲಿ ನೆಟ್ಟಗೆ ಹೋಗುವುದು ಮುಖ್ಯ. ಈ ಸುಗ್ಗಿಯ ಮೊದಲ ಹೇರಿನ ದಿನವೇ ಟೇಪು ಹಿಡಿದು ನಾಲ್ಕು ಕಡೆ ಅಳೆಯಿರಿ. ಹೆಚ್ಚಿನವರಿಗೆ ಅಷ್ಟರಲ್ಲೇ ಕಿಟ್ಟಿನ ಹಣ ಉಳಿಯುತ್ತದೆ.