ಬೆಳಕನ್ನು ಕೊಳ್ಳುವ ಬಗೆ

ಹೊಗೆಸೊಪ್ಪಿನ ಹರಾಜು ಮುಗಿಯುತ್ತ ಬಂದಿದ್ದ ಒಂದು ಭಾನುವಾರ, ಪಿರಿಯಾಪಟ್ಟಣದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಮದುವೆ, ನಾಮಕರಣಗಳ ಛಾಯಾಚಿತ್ರ ತೆಗೆದು ಬದುಕು ನಡೆಸಬೇಕೆಂಬುದು ಅವನ ಬಹುದಿನದ ಹಂಬಲ. ಸೊಪ್ಪು ಮಾರಿ ಬಂದ ಹಣದಲ್ಲಿ ಅವನ ತಂದೆ ಅರುವತ್ತು ಸಾವಿರ ರೂಪಾಯಿಗಳನ್ನು ಅದಕ್ಕೆಂದೇ ಎತ್ತಿಟ್ಟಿದ್ದರು.

“ಸಾರ್, ಅಂಗಡಿಯವರು ಮೆಗಾಪಿಕ್ಸೆಲ್ ಜಾಸ್ತಿ ಇರೋದನ್ನೇ ತಗೋ ಅಂತಾರೆ. ಏನು ಮಾಡಲಿ?”

ಈ ಪ್ರಶ್ನೆಗೆ ಮನೆಯಲ್ಲಿ ಕುಳಿತು ಉತ್ತರ ಹೇಳುವುದಕ್ಕಿಂತ ಬೈಲಕುಪ್ಪೆಗೆ ಹೋಗುವುದೇ ಲೇಸೆಂದು ನನಗೆ ತೋರಿತು. ಮೆಗಾಪಿಕ್ಸೆಲಿನ ಮೋಹಕ್ಕೆ ಬಿದ್ದು ಹಿಂದೊಮ್ಮೆ ನಾನೇ ಕೊಂಡಿದ್ದ 20 ಮೆಗಾಪಿಕ್ಸೆಲಿನ ಜೇಬು ಕ್ಯಾಮರಾ ಒಂದು. ಸಹೋದ್ಯೋಗಿ ಮಿತ್ರರಿಂದ ಎರವಲು ತಂದ, 12 ಮೆಗಾಪಿಕ್ಸೆಲಿನ ಹಳೆಯ ಡಿಎಸ್‌ಎಲ್‌ಆರ್ ಇನ್ನೊಂದು. ಇವೆರಡನ್ನೂ ಚೀಲಕ್ಕೆ ಹಾಕಿಕೊಂಡು ಹೊರಟೆವು.

ಪೆನೋರ್ ರಿಂಪೋಚೆಯವರು 1963ರಲ್ಲಿ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ವಿಹಾರದ ಅಂಗಳದಲ್ಲಿ ಎರಡೂ ಕ್ಯಾಮರಾಗಳು ಸಮಸಮನಾಗಿ ನಿಂತವು. ಬಿಸಿಲು ಧಾರಾಳವಾಗಿರುವಲ್ಲಿ ಯಾವ ಕ್ಯಾಮರಾದ ಹುಳುಕೂ ಸುಲಭವಾಗಿ ಹೊರಬೀಳದು. 1999ರಲ್ಲಿ ಉದ್ಘಾಟನೆಗೊಂಡ ಸ್ವರ್ಣಮಂದಿರದ ಒಳಗೆ ಕಾಲಿಟ್ಟೊಡನೆ ಬೇರೆಯೇ ಲೋಕ: ನಡುವೆ ಶಾಕ್ಯಮುನಿ, ಇಕ್ಕೆಲಗಳಲ್ಲಿ ಪದ್ಮಸಂಭವ ಮತ್ತು ಅಮಿತಾಯುಸ್, ಹಲವು ಆಳೆತ್ತರದ ಆ ಹೊನ್ನಿನ ಮೂರ್ತಿಗಳ ಸುತ್ತ ಮಂದ ಬೆಳಕು. ಫ್ಲಾಷ್ ಮಿಂಚಿಸಿ ಅಲ್ಲಿಯ ಶಾಂತಿಯನ್ನು ಕದಡುವುದು ಸಭ್ಯತೆಯಲ್ಲ. ಇದ್ದ ಬೆಳಕಿನಲ್ಲೇ ಎರಡರಿಂದಲೂ ಚಿತ್ರ ತೆಗೆದೆವು. ಜೇಬು ಕ್ಯಾಮರಾದಲ್ಲಿ ಬುದ್ಧನ ಕೆನ್ನೆಯ ಮೇಲೆಲ್ಲ ರವೆ ಚೆಲ್ಲಿದಂತೆ ಕಾಳುಕಾಳು. ಹಳೆಯದರಲ್ಲಿ ಹೊನ್ನು ಹೊನ್ನಾಗಿಯೇ ಇತ್ತು.

ಹುಡುಗನು ತಬ್ಬಿಬ್ಬಾದನು. ಕಾರಣ ಸರಳವಾದುದು. ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಸೆನ್ಸರ್ ಎಂಬ ಫಲಕವು ಜೇಬು ಕ್ಯಾಮರಾದಲ್ಲಿ ಸುಮಾರು 6.2 ಮಿಲಿಮೀಟರ್ ಅಗಲ, 4.6 ಎತ್ತರ, ಆ ಡಿಎಸ್‌ಎಲ್‌ಆರ್‌ನಲ್ಲಿ 23.5ಕ್ಕೆ 15.6. ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ಹದಿಮೂರು ಪಟ್ಟು! ಮಳೆಯಲ್ಲಿ ಲೋಟವನ್ನಿಟ್ಟರೆ ತುಂಬುವ ನೀರೆಷ್ಟು, ಹಂಡೆಯನ್ನಿಟ್ಟರೆ ತುಂಬುವುದೆಷ್ಟು? ಮೆಗಾಪಿಕ್ಸೆಲ್ ಎಂಬುದು ಫಲಕವನ್ನು ಎಷ್ಟು ಲಕ್ಷ ಮನೆಗಳಾಗಿ ವಿಂಗಡಿಸಿದ್ದಾರೆಂಬುದರ ಲೆಕ್ಕವೇ ಹೊರತು ಫಲಕದ ಅಳತೆಯಲ್ಲ. ಕೊಡಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ 1975ರಲ್ಲಿ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮರಾದಲ್ಲಿ ಇಂಥ ಮನೆಗಳು ಹತ್ತೇ ಸಾವಿರ; ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಬೇಕಾಗುತ್ತಿತ್ತು. ಆಗ ಈ ಸಂಖ್ಯೆಗೆ ಬೆಲೆಯಿತ್ತು. ಇಂದು ಎ4 ಹಾಳೆಯ ಗಾತ್ರಕ್ಕೆ ಅಚ್ಚುಕಟ್ಟಾಗಿ ಮುದ್ರಿಸಲು ಸುಮಾರು 9 ಮೆಗಾಪಿಕ್ಸೆಲ್ ಸಾಕು.

ಅಷ್ಟರಲ್ಲಿ ಕೆಂಪು ವಸ್ತ್ರದ ಎಳೆಯ ಭಿಕ್ಷುಗಳಿಬ್ಬರು ಬಿರಬಿರನೆ ಬಾಗಿಲು ದಾಟಿ ಹೋದರು. ನಾವು ತೆಗೆಯುತ್ತಿದ್ದ ಚಿತ್ರದಲ್ಲಿ ಬುದ್ಧನು ಸ್ಪಷ್ಟ, ಭಿಕ್ಷುಗಳು ಮಾತ್ರ ಕೆಂಪು ಹೊಗೆ! ಕೈನಡುಕವನ್ನು ತಡೆಯುವ ವ್ಯವಸ್ಥೆ ಮಸೂರದಲ್ಲಿದ್ದರೆ ನಿಂತ ಮೂರ್ತಿಯನ್ನು ನಿಧಾನದ ಶಟರಿನಲ್ಲೂ ಹಿಡಿಯಬಹುದು. ನಡೆಯುವ ಮನುಷ್ಯನನ್ನು ಅದು ನಿಲ್ಲಿಸಲಾರದು. ಮದುವೆಯಲ್ಲಿ ಯಾರು ತಾನೆ ಮೂರ್ತಿಯಂತೆ ನಿಲ್ಲುತ್ತಾರೆ? ಧಾರೆಯ ನೀರು ನಮಗಾಗಿ ಕಾಯುವುದಿಲ್ಲ. ಅಲ್ಲಿ ಬೇಕಾದುದು ಕಣ್ಣನ್ನು ಅಗಲವಾಗಿ ತೆರೆಯಬಲ್ಲ ಮಸೂರ. ಕ್ಯಾಮರಾದೊಡನೆ ಸಾಮಾನ್ಯವಾಗಿ ಕೊಡುವ 18–55 ಮಿಲಿಮೀಟರ್ ಮಸೂರವು 55ರ ತುದಿಯಲ್ಲಿ ಎಫ್ 5.6ಕ್ಕಿಂತ ತೆರೆಯದು; 50 ಮಿಲಿಮೀಟರ್, ಎಫ್ 1.8ರ ಅಗ್ಗದ ಮಸೂರವು ಅದಕ್ಕಿಂತ ಒಂಬತ್ತು ಪಟ್ಟಿಗೂ ಮಿಗಿಲಾಗಿ ಬೆಳಕನ್ನು ಒಳಗೆ ಬಿಡುತ್ತದೆ. ಆದರೆ ಇಕ್ಕಟ್ಟಾದ ಛತ್ರದಲ್ಲಿ ನೆಂಟರಿಷ್ಟರೆಲ್ಲರನ್ನೂ ಒಂದೇ ಚೌಕಟ್ಟಿಗೆ ತರಲು 18ರ ಅಗಲವೇ ಬೇಕು. ಆದುದರಿಂದ ಎರಡೂ ಇರಬೇಕು. ಪೆಟ್ಟಿಗೆಗೆ ಹಣ ಕಡಿಮೆಯಾದರೂ ಚಿಂತೆಯಿಲ್ಲ.

ಪ್ರಮುಖ ತಯಾರಕರು ಹೊಸ ಮಾದರಿಗಳನ್ನು ಹೆಚ್ಚಾಗಿ ಮಿರರ್‌ಲೆಸ್ ಬಗೆಯಲ್ಲಿಯೇ ಹೊರತರುತ್ತಿರುವ ಕಾರಣ ಬಳಸಿದ ಡಿಎಸ್‌ಎಲ್‌ಆರ್‌ಗಳು ಇಂದು ಕೈಗೆಟಕುವ ಬೆಲೆಗೆ ದೊರೆಯುತ್ತವೆ. ಎತ್ತನ್ನು ಕೊಳ್ಳುವವನು ಹಲ್ಲು ಹಿಡಿದು ನೋಡುವಂತೆ ಇಲ್ಲಿ ಶಟರ್ ಎಷ್ಟು ಸಲ ಬಡಿದಿದೆಯೆಂಬ ಎಣಿಕೆಯನ್ನು ಕೇಳಬೇಕು. ಮಸೂರದ ಹಿಂದಿನಿಂದ ಟಾರ್ಚ್ ಹಿಡಿದು ಒಳಗೆ ಜೇಡನ ಎಳೆಗಳಂಥ ಬೂಷ್ಟು ಇದೆಯೇ ಎಂದು ಪರೀಕ್ಷಿಸಬೇಕು. ಕಾವೇರಿ ದಾಟಿದರೆ ಕೊಡಗು. ಆ ಕಡೆಯ ಮಳೆಗಾಲದ ತೇವದಲ್ಲಿ ಕಪಾಟಿನಲ್ಲಿ ಮರೆತಿಟ್ಟ ಮಸೂರಗಳಿಗೆ ಈ ರೋಗ ತಪ್ಪಿದ್ದಲ್ಲ. ರಸೀದಿ ಕೊಡಲೊಲ್ಲದವನ ಸರಕು ಎಷ್ಟೇ ಅಗ್ಗವಾದರೂ ಮುಟ್ಟಕೂಡದು.

ವಾರದೊಳಗೆ ಹುಡುಗನು ಮೈಸೂರಿನಲ್ಲಿ ಇಂಥದೊಂದು ಹಳೆಯ ಕ್ಯಾಮರಾವನ್ನೂ ಎರಡು ಮಸೂರಗಳನ್ನೂ ಕೊಂಡು ತಂದನು. ಉಳಿದ ಹಣದಲ್ಲಿ ಎರಡನೆಯ ಬ್ಯಾಟರಿ, ಎರಡು ಮೆಮೊರಿ ಕಾರ್ಡು, ಒಂದು ಫ್ಲಾಷು ಬಂದವು; ಇನ್ನೂ ಒಂಬತ್ತು ಸಾವಿರ ಮಿಕ್ಕಿತು. ಅದನ್ನು ಹಿಂದಕ್ಕೆ ಕೊಡಹೋದಾಗ ತಂದೆ ಎಣಿಸಿ ಜೇಬಿಗಿಳಿಸಿ, “ಮೊದಲು ನಿಮ್ಮವ್ವಂದು ಒಂದು ಪಟ ತೆಗಿ. ಒಲೆ ಮುಂದೆ ಕೂತವ್ಳೆ, ಹೋಗು” ಎಂದರಂತೆ.

ಆ ಪಟವನ್ನು ನಾನು ನೋಡಿದೆ. ಅಡಿಗೆಮನೆಯ ಬೆಳಕಿಂಡಿಯೊಂದನ್ನು ಬಿಟ್ಟರೆ ಬೇರೆ ಬೆಳಕಿರಲಿಲ್ಲ. ಆ ತಾಯಿಯ ಮುಖದಲ್ಲಿ ಒಂದು ಕಾಳೂ ಇಲ್ಲ.